ದೊಡ್ಡಪ್ಪನ ಮುಂದೆ ನಮ್ಮ ಎತ್ತರ

ನಾನು ಬಡಗಿ. ಬೇರೆ ಊರಿನ ಬಡಗಿಗಳು ಬಾಗಿಲು, ಮಂಚ, ಕಪಾಟು ಮಾಡುತ್ತಾರಂತೆ. ನಮ್ಮೂರಲ್ಲಿ ಬಡಗಿಗೆ ಅನ್ನ ಹಾಕುವುದು ಏಣಿ. ತಹಶೀಲ್ದಾರರ ಮೇಜಿಗೆ ಒಂದು, ಬ್ಯಾಂಕಿನ ಕೌಂಟರಿಗೆ ಎರಡು, ಹಲ್ಲಿನ ಡಾಕ್ಟರ ಕುರ್ಚಿಗೆ ಒಂದು, ಹೆಡ್‌ಮಾಸ್ತರ ಕೋಣೆಗೆ ಸಾಲಾಗಿ ಆರು. ಯಾಕೆಂದರೆ ನಮ್ಮೂರಲ್ಲಿ ಯಾರಿಗಾದರೂ ಅಂಜಿದರೆ ಮನುಷ್ಯ ಕುಗ್ಗುತ್ತಾನೆ. ಸ್ವಲ್ಪ ಅಂಜಿದರೆ ಒಂದು ಗೇಣು ಕಡಿಮೆಯಾಗುತ್ತಾನೆ, ಜಾಸ್ತಿ ಅಂಜಿದರೆ ಮೊಣಕಾಲೆತ್ತರಕ್ಕೆ ಬರುತ್ತಾನೆ, ತೀರ ಅಂಜಿದರೆ ತಂಬಿಗೆಯಷ್ಟಾಗುತ್ತಾನೆ. ಎದುರಿನವರು ಎದ್ದು ಹೋದ ಮೇಲೆ ಮತ್ತೆ ಮೊದಲಿನಂತೆ. ಬಟ್ಟೆಯೂ ಮೈಯ ಜೊತೆಗೇ ಕುಗ್ಗುತ್ತದೆ. ಅಷ್ಟರಮಟ್ಟಿಗೆ ದೇವರು ನಮ್ಮ ಮಾನ ಕಾಯ್ದಿದ್ದಾನೆ. ಚಪ್ಪಲಿ ಮಾತ್ರ ಕುಗ್ಗುವುದಿಲ್ಲ. ಹಾಗಾಗಿ ತಹಶೀಲ್ದಾರರ ಕೋಣೆಯೊಳಗೆ ಯಾವಾಗ ಇಣುಕಿದರೂ ನೆಲದ ತುಂಬ ಖಾಲಿ ಚಪ್ಪಲಿಗಳು, ಪ್ರತಿ ಜೋಡಿಯ ಪಕ್ಕದಲ್ಲಿ ಕೈಯಲ್ಲಿ ಅರ್ಜಿ ಹಿಡಿದುಕೊಂಡ ಒಬ್ಬ ಪುಟ್ಟ ಮನುಷ್ಯ. ಅರ್ಜಿಯೂ ಕುಗ್ಗುವುದಿಲ್ಲವಾದ್ದರಿಂದ ಅವನು ಅದರ ಕೆಳಗೆ ಕೊಡೆ ಹಿಡಿದವನಂತೆ ಕಾಣುತ್ತಾನೆ.

ನನ್ನ ಮದುವೆಯಲ್ಲಿ ಮಾವನವರ ಮುಂದೆ ನಾನು ತೆಂಗಿನಕಾಯಿಯಷ್ಟಾಗಿದ್ದೆ. ಫೋಟೋದಲ್ಲಿ ಹೆಂಡತಿ ಶೈಲಾಳ ಪಕ್ಕದಲ್ಲಿ ಒಂದು ಹೂವಿನ ಹಾರ ತನ್ನಷ್ಟಕ್ಕೆ ತಾನೇ ಬಿದ್ದುಕೊಂಡಂತೆ ಇದೆ. ದಿಟ್ಟಿಸಿ ನೋಡಿದರೆ ಅದರ ನಡುವೆ ನನ್ನ ಪೇಟ ಕಾಣುತ್ತದೆ. ಬಂದವರೆಲ್ಲ ಮಾವನವರಿಗೆ, "ಚಲೋ ಅಳಿಯ ಸಿಕ್ಕಾನ ನಿಮಗ" ಎಂದು ಹೊಗಳಿ ಹೋದರು. ನಮ್ಮೂರವರು ಇದನ್ನು ಅಂಜಿಕೆ ಎನ್ನುವುದಿಲ್ಲ. ಮರ್ಯಾದೆ ಎನ್ನುತ್ತಾರೆ. ಎಷ್ಟು ಸಣ್ಣಗಾದರೆ ಅಷ್ಟು ಮರ್ಯಾದೆ.

ನಮ್ಮ ಮನೆಯಲ್ಲಿ ಅತ್ಯಂತ ಧೈರ್ಯವಂತೆ ನನ್ನ ತಂಗಿ ನೀಲಾ. ಬಸ್ ಕಂಡಕ್ಟರ್. ಅವಳ ಬಸ್ಸಿಗೆ ಮೂವತ್ತೆರಡು ಸೀಟು. ಸಂತೆಯ ದಿನ ಎಂಬತ್ತು ಜನ ಕಾಲು ಚಾಚಿ ಕೂರುತ್ತಾರೆ. ಅವಳು ಬಾಗಿಲಲ್ಲಿ ನಿಂತು "ಹಿಂದ ಸರೀರಿ!" ಎಂದು ಒಮ್ಮೆ ಕೂಗಿದರೆ ಸಾಕು, ನಿಂತವರೆಲ್ಲ ಮೊಣಕಾಲೆತ್ತರಕ್ಕೆ ಇಳಿದು ಜಾಗ ತಾನಾಗಿಯೇ ಆಗುತ್ತದೆ. ಡಿಪೋ ಮ್ಯಾನೇಜರು ಅವಳಿಗೆ ಪ್ರಶಸ್ತಿಪತ್ರ ಕೊಡುವಾಗ ಸ್ಟೂಲ್ ಹತ್ತಿ ಕೊಟ್ಟರು. ಅಂಥವಳು ನಮ್ಮ ದೊಡ್ಡಪ್ಪ ಬಸ್ಸು ಹತ್ತಿದನೆಂದರೆ ಹೆಬ್ಬೆರಳಿನಷ್ಟಾಗಿ ತನ್ನದೇ ಟಿಕೆಟ್ ಚೀಲದೊಳಗೆ ಬೀಳುತ್ತಿದ್ದಳು. ಅವನು ಇಳಿಯುವವರೆಗೆ ಬಸ್ಸಿನಲ್ಲಿ ಯಾರಿಗೂ ಟಿಕೆಟ್ ಇಲ್ಲ. ಜನ ಕೈ ಮುಗಿದು, "ನೋಡ್ರಿ, ಇಷ್ಟು ಜೋರಿನ ಹೆಣ್ಣಮಗಳು ಹಿರಿಯರ ಮುಂದ ಎಷ್ಟು ಮರ್ಯಾದಿ!" ಎನ್ನುತ್ತಿದ್ದರು. ಬಿಟ್ಟಿ ಪ್ರಯಾಣದ ಖುಷಿಯೂ ಅದರಲ್ಲಿ ಸೇರಿತ್ತೆಂದು ನನ್ನ ಗುಮಾನಿ.

ದೊಡ್ಡಪ್ಪ ಎಂದರೆ ಮಾನಪ್ಪ ಮಾಸ್ತರು, ನಮ್ಮಪ್ಪನ ಅಣ್ಣ. ಮದುವೆಯಾಗಲಿಲ್ಲ. ಶಾಲೆಯಲ್ಲಿ ಮೂವತ್ತೈದು ವರ್ಷ ಗಣಿತ ಕಲಿಸಿ, ನಿವೃತ್ತಿಯಾದ ಮೇಲೂ ಮನೆಯಲ್ಲಿ ಟ್ಯೂಷನ್ ನಡೆಸುತ್ತಿದ್ದ. ಅವನ ವಿದ್ಯಾರ್ಥಿಗಳು ದೊಡ್ಡವರಾಗಿ ಇಂಜಿನಿಯರಾದರೂ ಅವನನ್ನು ಕಂಡರೆ ತಂಬಿಗೆಯಷ್ಟಾಗುತ್ತಿದ್ದರು. ನಾನೂ ಆಗುತ್ತಿದ್ದೆ. ನಮ್ಮಪ್ಪನೂ ಆಗುತ್ತಿದ್ದ.

ನಮ್ಮೂರಲ್ಲಿ ವರ್ಷಕ್ಕೊಮ್ಮೆ ಹಿರಿಯರೊಬ್ಬರಿಗೆ ಸನ್ಮಾನ ಮಾಡುತ್ತಾರೆ. ಯಾರ ಮುಂದೆ ಜನ ಅತಿ ಸಣ್ಣಗಾಗುತ್ತಾರೋ ಅವರಿಗೆ ಶಾಲು. ಟೇಪು ಹಿಡಿದು ಅಳೆಯಲು ಒಂದು ಸಮಿತಿಯೇ ಇದೆ. ಅಧ್ಯಕ್ಷ ಕಿರಾಣಿ ಅಂಗಡಿ ಸಂಗಣ್ಣ. ದೊಡ್ಡಪ್ಪನಿಗೆ ಎಪ್ಪತ್ತು ತುಂಬಿದ ವರ್ಷ ಸಂಗಣ್ಣ ನಮ್ಮ ಮನೆಗೆ ಬಂದ.

"ಈ ಸಲ ಮಾಸ್ತರಿಗೇ. ಸಮಿತಿಯಾಗ ಎಲ್ಲಾರೂ ಒಪ್ಯಾರ. ಹಾರ ಹಾಕೂದು ನೀಲವ್ವ. ಅಷ್ಟು ಗಟ್ಟಿ ಹೆಣ್ಣಮಗಳು ವೇದಿಕೆ ಮ್ಯಾಲ ಹೆಬ್ಬೆರಳಿನಷ್ಟು ಆಗೂದನ್ನ ಮಂದಿ ನೋಡಬೇಕು. ಮೌನೇಶಾ, ನೀ ಒಂದು ಏಣಿ ಮಾಡಿಕೊಡು. ಹನ್ನೊಂದು ಮೆಟ್ಟಲಿಂದು, ಪಾಲಿಶ್ ಹಾಕಿದ್ದು."

ನೀಲಾ ಸಮವಸ್ತ್ರದಲ್ಲೇ ನಿಂತಿದ್ದಳು. "ಅವತ್ತು ನಂದು ಡ್ಯೂಟಿ ಐತಿ" ಎಂದಳು. "ಇನ್ನೂ ದಿನಾನೇ ಹೇಳಿಲ್ಲಲ್ಲವ್ವ" ಎಂದ ಸಂಗಣ್ಣ. "ಯಾವತ್ತಿದ್ರೂ ಡ್ಯೂಟಿ ಐತಿ" ಎಂದು ಒಳಗೆ ಹೋದಳು. ಸಂಗಣ್ಣ ಸೊಂಟದೆತ್ತರಕ್ಕೆ ಇಳಿದು, ನಮ್ಮ ಹೊಸ್ತಿಲನ್ನು ಕಷ್ಟಪಟ್ಟು ದಾಟಿ ಹೊರಟುಹೋದ. ನಾನು ಸಾಗವಾನಿ ಹಲಗೆ ತಂದು ಏಣಿ ಶುರುಮಾಡಿದೆ.

ಅದೇ ತಿಂಗಳು ನನ್ನ ಮಗಳು ಪಾರಿಯನ್ನು ದೊಡ್ಡಪ್ಪನ ಟ್ಯೂಷನ್ನಿಗೆ ಹಚ್ಚಿದ್ದೆವು. ಪಾರಿಗೆ ಎಂಟು ವರ್ಷ. ಯಾರಿಗೂ ಅಂಜದ ಹುಡುಗಿ. ಹಲ್ಲಿನ ಡಾಕ್ಟರ ಮುಂದೆ ಪೂರ್ತಿ ಎತ್ತರದಲ್ಲಿ ಕೂತು ಅವರ ಬೆರಳು ಕಚ್ಚಿ ಬಂದವಳು. ಮೊದಲ ದಿನ ದೊಡ್ಡಪ್ಪನ ಮುಂದೆಯೂ ಹಾಗೇ ನಿಂತಿದ್ದಳು. ನಾವು ನಾಚಿಕೆಪಟ್ಟೆವು. ಮೂರು ವಾರ ಕಳೆದ ಮೇಲೆ ದೊಡ್ಡಪ್ಪ ನಮ್ಮ ಮನೆಗೆ ಬಂದಾಗ ಪಾರಿ ಬಾಗಿಲ ಹಿಂದೆ ತಂಬಿಗೆಯಷ್ಟಾಗಿ ನಿಂತಿದ್ದಳು. ಅವ್ವನಿಗೆ ಕಣ್ಣಲ್ಲಿ ನೀರೇ ಬಂತು. "ಅಂತೂ ಕೂಸು ಮರ್ಯಾದಿ ಕಲೀತು" ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಆಮೇಲಿನ ಭಾನುವಾರ ಮಧ್ಯಾಹ್ನ. ಊಟಕ್ಕೆ ಕೂರುವ ಮೊದಲು ನೀಲಾ ಪಾರಿಯ ತಲೆ ಬಾಚುತ್ತಿದ್ದಳು. ಬಾಚಣಿಗೆ ಅರ್ಧಕ್ಕೆ ನಿಂತಿತು.

"ಇದೇನಿದು ತಲಿಯಾಗ, ಬೆಳ್ಳಗ?"

"ಹೊಟ್ಟು" ಎಂದಳು ಅವ್ವ ಸಾರಿಗೆ ಒಗ್ಗರಣೆ ಹಾಕುತ್ತ. "ನಿನಗೂ ಆ ವಯಸ್ಸಿನ್ಯಾಗ ಹಂಗ ಇತ್ತು. ವಂಶದಾಗ ಐತಿ. ಕೊಬ್ಬರಿ ಎಣ್ಣಿ ಹಚ್ಚು, ಹೋಗ್ತದ."

ನೀಲಾ ಆ ಪುಡಿಯನ್ನು ಬೆರಳಲ್ಲಿ ತೆಗೆದು ಮೂಗಿನ ಹತ್ತಿರ ಹಿಡಿದಳು. ಆಮೇಲೆ ಪಾರಿಯನ್ನು ತನ್ನ ಕಡೆ ತಿರುಗಿಸಿಕೊಂಡಳು. "ಪಾರೀ, ಡಬ್ಯಾಗ ಇದ್ದೇನು ನೀ?"

ಪಾರಿ ನನ್ನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು. "ಹೇಳಬಾರದು ಅಂದಾರ ದೊಡ್ಡಜ್ಜ."

"ನೀ ಹೇಳಬ್ಯಾಡ. ನಾ ಹೇಳ್ತೀನಿ. ತಪ್ಪಿದ್ರ ತಿದ್ದು." ನೀಲಾ ಬಾಚಣಿಗೆ ಕೆಳಗಿಟ್ಟಳು. "ಲೆಕ್ಕ ತಪ್ಪಿದ್ರ ಬೆರಳ ನಡುವ ಪೆನ್ಸಿಲ್ ಇಟ್ಟು ಒತ್ತತಾರ."

"ಹೂಂ."

"ಒತ್ತಿದಂಗ ಒತ್ತಿದಂಗ ನೀ ಸಣ್ಣಾಗತಿ. ಆಮ್ಯಾಲ ಕೊರಳಪಟ್ಟಿ ಹಿಡದು ಎತ್ತಿ ಚಾಕ್‌ಪೀಸ್ ಡಬ್ಯಾಗ ಹಾಕತಾರ. ನೀಲಿ ಡಬ್ಬಿ."

"ಅಲ್ಲತ್ತಿ, ಹಳದಿ."

"ಹಳದಿ. ಮುಚ್ಚಳ ಹಾಕತಾರ. ಮುಚ್ಚಳದ ಮ್ಯಾಲ ಬರಿಯೋ ಪಾಟಿ ಇಡತಾರ."

"ಪಾಟಿ ಅಲ್ಲ, ಡಿಕ್ಷನರಿ."

"ಟ್ಯೂಷನ್ ಮುಗಿಯೂತನ ಒಳಗ. ಕೆಮ್ಮಿದ್ರ ಇನ್ನಷ್ಟು ಹೊತ್ತು."

"ನಾ ಕೆಮ್ಮಂಗಿಲ್ಲ" ಎಂದಳು ಪಾರಿ, ಪರೀಕ್ಷೆಯಲ್ಲಿ ಸರಿ ಉತ್ತರ ಕೊಟ್ಟವಳ ಧ್ವನಿಯಲ್ಲಿ. "ಮೂಗು ಹಿಡಕೊಂಡು ಚಾಕ್‌ಪೀಸ್ ಎಣಸ್ತೀನಿ. ಹದಿನೇಳು ಅದಾವ. ಎರಡು ಮುರದಾವ."

ಶೈಲಾ ಬಂದು ಮಗಳನ್ನು ಎತ್ತಿಕೊಂಡಳು. ಎಂಟು ವರ್ಷದ, ಉದ್ದ ಕಾಲಿನ ಹುಡುಗಿಯನ್ನು ಕೂಸಿನಂತೆ ಎತ್ತಿಕೊಂಡು ನಿಂತಳು. ನಾನು ಲೋಟಕ್ಕೆ ಮಜ್ಜಿಗೆ ಸುರಿಯುತ್ತಿದ್ದೆ. ಲೋಟ ತುಂಬಿ, ತಟ್ಟೆ ತುಂಬಿ, ಮಜ್ಜಿಗೆ ನನ್ನ ಕಾಲಿನವರೆಗೆ ಹರಿದಿತ್ತು.

"ನಾ ಎರಡು ವರ್ಷ ಇದ್ದೆ ಆ ಡಬ್ಯಾಗ" ಎಂದಳು ನೀಲಾ ಅವ್ವನಿಗೆ. "ಪಾರಿ ವಯಸ್ಸಿನ್ಯಾಗ."

ಅವ್ವ ಮೊದಲು ನಂಬಲಿಲ್ಲ. "ಏನರ ಹೇಳಬ್ಯಾಡ. ನಮ್ಮ ಭಾವ ಇರುವಿ ಕಂಡ್ರ ಸುತ್ತು ಹಾಕಿ ಹೋಗೋರು. ನಿನಗ ಎಲ್ಲೋ ಕನಸು..." ಎಂದವಳು ಅಲ್ಲಿಗೇ ನಿಂತಳು. ಅವಳ ಕಣ್ಣು ಪಾರಿಯ ತಲೆಯ ಮೇಲಿತ್ತು. "ಎರಡು ವರ್ಷ ಎಣ್ಣಿ ಹಚ್ಚೀನಿ" ಎಂದಳು ನಿಧಾನವಾಗಿ. "ಸೀಗೇಕಾಯಿ ಹಾಕಿ ತಿಕ್ಕೀನಿ. ಹೊಟ್ಟು ಹೋಗವಲ್ದು ಅಂತ ನಿನಗ ಬೈದೀನಿ." ಒಗ್ಗರಣೆ ಸೀದು ಮನೆಯೆಲ್ಲ ಹೊಗೆ ತುಂಬಿದರೂ ಯಾರೂ ಏಳಲಿಲ್ಲ. ಎಲ್ಲರೂ ಕೆಮ್ಮುತ್ತ ಕೂತಿದ್ದೆವು.

ಆಗ ಅಪ್ಪ ಮಾತಾಡಿದ. ಅಪ್ಪ ಮನೆಯಲ್ಲಿ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. "ನನ್ನ ಕಾಲಕ್ಕ ಚಾಕ್‌ಪೀಸ್ ಡಬ್ಬಿ ಇರಲಿಲ್ಲ" ಎಂದ. "ನಮ್ಮಜ್ಜನ ತಂಬಾಕಿನ ಡಬ್ಬಿ ಇತ್ತು. ನನಗ ಆರು ವರ್ಷ, ಅಣ್ಣಗ ಹನ್ನೆರಡು."

ನಮ್ಮಪ್ಪ ತಂಬಾಕು ಮುಟ್ಟದವನೆಂದು ಇಡೀ ಓಣಿಯಲ್ಲಿ ಹೆಸರುವಾಸಿ. ವ್ಯಸನಮುಕ್ತಿ ಸಂಘದವರು ಅವನ ಫೋಟೋ ಹಾಕಿ ಪೋಸ್ಟರ್ ಕೂಡ ಮಾಡಿದ್ದರು. ಅವ್ವ ಗಂಡನನ್ನು ನೋಡಿದಳು. "ನಲವತ್ತೆರಡು ವರ್ಷ ಆತು ಮದಿವ್ಯಾಗಿ. ನನಗ ಒಂದು ಮಾತು ಹೇಳಲಿಲ್ಲ." ಅಪ್ಪ, "ಹೇಳೂದೇನು, ಅಣ್ಣ ಅಲಾ" ಎಂದ. ಬೇರೆ ಕಾರಣ ಅವನಿಗೂ ಸಿಗಲಿಲ್ಲ.

ಇನ್ನು ನನ್ನ ವಿಷಯ. ನಾನು ನೀಲಾಗಿಂತ ಎರಡು ವರ್ಷ ದೊಡ್ಡವನು, ಅದೇ ಟ್ಯೂಷನ್ನಿನಲ್ಲಿ ಕೂತವನು. ಡಬ್ಬಿ ನನಗೆ ಗೊತ್ತಿತ್ತು. ಗೊತ್ತಿದ್ದೂ ಮಗಳನ್ನು ಅಲ್ಲಿಗೆ ಯಾಕೆ ಕಳಿಸಿದೆ ಎಂದು ಶೈಲಾ ಅವತ್ತಿನಿಂದ ನನ್ನನ್ನು ಎಷ್ಟೋ ಸಲ ಕೇಳಿದ್ದಾಳೆ. ದೊಡ್ಡಪ್ಪನಿಗೆ ವಯಸ್ಸಾಗಿದೆ, ಮೆತ್ತಗಾಗಿದ್ದಾನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹೇಳಿಕೊಂಡು ಹೇಳಿಕೊಂಡು ನಂಬಿಬಿಟ್ಟಿದ್ದೆ. ನನಗೆ ಗೊತ್ತಿದ್ದದ್ದರಲ್ಲಿ ಇನ್ನೊಂದು ಸಂಗತಿಯೂ ಇತ್ತು. ಅದನ್ನು ಆ ಮಧ್ಯಾಹ್ನ ನಾನು ಬಾಯಿ ಬಿಡಲಿಲ್ಲ.

"ಇವತ್ತೇ ಹೋಗೂಣು" ಎಂದಳು ನೀಲಾ. ಹೋಗುವುದು ಸುಲಭ, ಹೋಗಿ ಮಾತಾಡುವುದು ಹೇಗೆ ಎನ್ನುವುದೇ ಸಮಸ್ಯೆ. ಅವನೆದುರು ನೀಲಾ ಹೆಬ್ಬೆರಳು, ನಾನೂ ಅಪ್ಪನೂ ತಂಬಿಗೆ. ಮಾತಾಡಿದರೆ ಸೊಳ್ಳೆ ಗುಂಯ್‌ಗುಟ್ಟಿದಂತೆ ಕೇಳುತ್ತದೆ. ನಾನು ಅವನಿಗೆ ಬೆನ್ನು ತಿರುಗಿಸಿ ನಿಂತು ಮಾತಾಡೋಣ ಎಂದೆ. ಅಪ್ಪ ಪತ್ರ ಬರೆಯೋಣ ಎಂದ. ನೀಲಾ, "ಒತ್ತಕ್ಷರ ತಪ್ಪಾದ್ರ ಕೆಂಪು ಶಾಯಿಯಾಗ ತಿದ್ದಿ ವಾಪಸ್ ಕಳಸ್ತಾರ" ಎಂದಳು. ಅದು ನಿಜವೂ ಆಗಿತ್ತು. ನನ್ನ ಮದುವೆಯ ಕರೆಯೋಲೆಯನ್ನು ಹಾಗೇ ಕಳಿಸಿದ್ದ.

ಅವ್ವ ಕಣ್ಣೊರೆಸಿಕೊಂಡು, "ನಾ ಕರಕೊಂಡು ಹೋಗ್ತೀನಿ. ನಾ ಸಣ್ಣಾಗಂಗಿಲ್ಲ" ಎಂದಳು.

"ಏನಂದಿ? ಅಣ್ಣ ಬಂದ್ರ ನೀ ಅರ್ಧ ಆಗತಿ. ನಾ ನೋಡೀನಲಾ!" ಎಂದ ಅಪ್ಪ.

"ಬಗ್ಗಿರತೀನ್ರೀ! ಸೆರಗು ಹೊದ್ದು ಮೊಣಕಾಲು ಮಡಚಿ ಬಗ್ಗಿರತೀನಿ. ಸೊಸಿ ಸಣ್ಣಾಗವಲ್ಲಳು ಅಂದ್ರ ಮಂದಿ ಏನಂತಾರ ಅಂತ. ನಲವತ್ತೆರಡು ವರ್ಷ ಬಗ್ಗೀನಿ. ನನ್ನ ಸೊಂಟ ಹಾಳಾಗಿದ್ದು ಮತ್ತ ಹ್ಯಾಂಗ ಅನಕೊಂಡೀರಿ?"

ಅಷ್ಟು ಹೊತ್ತಿನಲ್ಲಿ ಮೊದಲ ಸಲ ನೀಲಾ ನಕ್ಕಳು. ಅಪ್ಪ ಮಾತ್ರ ಹೆಂಡತಿಯನ್ನು ಈಗಷ್ಟೇ ಮದುವೆಯಾದವನಂತೆ ನೋಡುತ್ತಿದ್ದ.

ಸಂಜೆ ನಾಲ್ಕು ಗಂಟೆಗೆ ಹೊರಟೆವು. ಪಾರಿಯನ್ನು ಶೈಲಾಳ ಜೊತೆ ಮನೆಯಲ್ಲೇ ಬಿಟ್ಟೆವು. ಅವಳು ಹೇಳಬೇಕಾದ್ದನ್ನು ಹೇಳಿ ಆಗಿತ್ತು. ಅವ್ವನ ಕಂಕುಳಲ್ಲಿ ಕಾಯಿಪಲ್ಯದ ಬುಟ್ಟಿ. ದೊಡ್ಡಪ್ಪನ ಮನೆಯ ಕಟ್ಟೆಯವರೆಗೆ ನಾವು ಮೂವರೂ ಆರಾಮಾಗಿ ನಡೆದೆವು. ಒಳಗೆ ಅವನ ಕೆಮ್ಮು ಕೇಳಿದ್ದೇ ತಡ, ಕಟ್ಟೆಯ ಮೇಲೆ ಮೂರು ಜೋಡಿ ಚಪ್ಪಲಿ ಉಳಿದವು. ಅವ್ವ ಕೂತು ಅಂಗೈ ಚಾಚಿದಳು. ಯಾರ ಕೊರಳಪಟ್ಟಿಯನ್ನೂ ಹಿಡಿದು ಎತ್ತಲಿಲ್ಲ; ನಾವೇ ಒಬ್ಬೊಬ್ಬರಾಗಿ ಅಂಗೈ ಹತ್ತಿ ಬುಟ್ಟಿಗೆ ಇಳಿದೆವು. ಬುಟ್ಟಿಯಲ್ಲಿ ಬೆಳಗಿನ ಮೆಂತ್ಯದ ಎಲೆಗಳಿದ್ದವು. ಅಪ್ಪ ಒಂದು ಎಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ.

ದೊಡ್ಡಪ್ಪ ಮೇಜಿನ ಮುಂದೆ ಕೂತು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದ. ಅವ್ವ ಬುಟ್ಟಿಯನ್ನು ಆ ಪತ್ರಿಕೆಗಳ ಮೇಲೇ ಇಟ್ಟಳು. ಅವನು ಬಗ್ಗಿ ನೋಡಿ ಸಂತೋಷಪಟ್ಟ. "ಓಹೋ! ಎಲ್ಲಾರೂ ಬಂದೀರಿ. ಎಷ್ಟು ಮರ್ಯಾದಿ! ಸಂಗಣ್ಣ ನೋಡಬೇಕಿತ್ತು ಇದನ್ನ."

ಬುಟ್ಟಿಯೊಳಗಿಂದ ನೀಲಾ ಏನೋ ಹೇಳಿದಳು.

"ಏನಂತಾಳ? ಕೇಳಸವಲ್ದು."

"ಕಿವಿ ಬಗ್ಗಸ್ರಿ, ಕೇಳಸ್ತದ" ಎಂದಳು ಅವ್ವ. ಸೆರಗು ಹೊದ್ದಿರಲಿಲ್ಲ. ನೆಟ್ಟಗೆ ನಿಂತಿದ್ದಳು. ನನ್ನ ಅವ್ವ ಅಷ್ಟು ಎತ್ತರದ ಹೆಂಗಸೆಂದು ನನಗೆ ಗೊತ್ತೇ ಇರಲಿಲ್ಲ. ದೊಡ್ಡಪ್ಪನಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಅವಳನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಅವನು ಕಿವಿ ಬಗ್ಗಿಸಿದ.

"ದೊಡ್ಡಪ್ಪಾ, ನೀವು ನನ್ನ ಡಬ್ಯಾಗ ಹಾಕಿ ಮುಚ್ಚತಿದ್ರಿ. ಈಗ ಪಾರೀನ ಹಾಕಾಕತ್ತೀರಿ."

ದೊಡ್ಡಪ್ಪ ನಕ್ಕ. "ಅಯ್ಯ, ಅದು ಆಟವ್ವ. ಮಕ್ಕಳ ಜೋಡಿ ಆಟ."

"ಆಟ ಆಗಿದ್ರ ಮನ್ಯಾಗ ಹೇಳಬಾರದು ಅಂತ ಯಾಕ ಅಂದ್ರಿ?"

ಈ ಮಾತು ನನಗೆ ಬೇರೆ ಎತ್ತರದಿಂದ ಕೇಳಿತು. ತಿರುಗಿದರೆ ನೀಲಾ ನನ್ನ ಭುಜ ದಾಟಿದ್ದಳು. "ನನ್ನ ಕೈಬೆರಳು ಇನ್ನೂ ಚಳಿಗಾಲಕ್ಕ ನೋಯ್ತಾವ" ಎಂದಳು, ಗೇಣುದ್ದವಾದಳು. "ಲಿಫ್ಟಿನ್ಯಾಗ ಹೋಗಾಕ ಆಗಂಗಿಲ್ಲ ನನಗ. ಬಾಗಿಲಾ ಹಾಕ್ಕೊಂಡು ಸ್ನಾನಾ ಮಾಡಂಗಿಲ್ಲ. ಮೂವತ್ತು ವರ್ಷ!" ಬುಟ್ಟಿ ಚಟಚಟ ಎಂದಿತು. ನಾನೂ ಅಪ್ಪನೂ ಅವಳ ಕಾಲಿಗೂ ಬುಟ್ಟಿಗೂ ನಡುವೆ ಸಿಕ್ಕಿ ಒದ್ದಾಡುತ್ತಿರುವಾಗ ಬುಟ್ಟಿ ಒಡೆದೇ ಹೋಯಿತು. ಮೆಂತ್ಯದ ಎಲೆಗಳ ಜೊತೆ ಉತ್ತರಪತ್ರಿಕೆಗಳ ಮೇಲೆ ಉರುಳಿದೆವು. ನಾನು ಹೋಗಿ ಶಾಯಿ ಬಾಟಲಿಗೆ ಬಡಿದೆ. ನೀಲಾ ಮೇಜಿನ ಮೇಲೆ ಮೊಣಕಾಲೆತ್ತರ ನಿಂತಿದ್ದಳು, ಕೂದಲ ತುಂಬ ಮೆಂತ್ಯ.

ಅಪ್ಪ ಯಾರದೋ ತಪ್ಪು ಲೆಕ್ಕದ ಮೇಲೆ ಕೂತಲ್ಲಿಂದಲೇ, "ಅಣ್ಣಾ, ನನಗ ಅರವತ್ತನಾಲ್ಕು. ಯಾರರ ತಂಬಾಕು ತಿಕ್ಕಿದ್ರ ಈಗೂ ಉಸಿರು ಕಟ್ಟತದ" ಎಂದ. ಅಷ್ಟೇ ಅಂದದ್ದು. ಅವನ ಬಾಯಿಂದ ಅಣ್ಣನ ಎದುರು ಬಂದ ಮೊದಲ ದೂರು ಅದು.

ದೊಡ್ಡಪ್ಪ ಕೆಂಪು ಪೆನ್ನಿನ ಮುಚ್ಚಳ ಹಾಕಿದ. ಅವನ ಮುಖದಲ್ಲಿದ್ದ ನಗು ಹೋಗಿತ್ತು. "ಎಲ್ಲಾ ನನ್ನ ಮ್ಯಾಲ ಹಾಕ್ರಿ. ಮುಚ್ಚಳದ ಮ್ಯಾಲ ಪಾಟಿ ಇಡಾಂವ ಯಾರಿದ್ದ ಅಂತ ಕೇಳೀರೇನು? ನಾ ಇಡತಿದ್ದಿಲ್ಲ. ಅಲ್ಲಿ ನಿಂತಾನ ನೋಡ್ರಿ, ಬಾಟಲಿ ಹಿಂದ."

ನಾನು ಬಾಟಲಿಯ ಹಿಂದೆಯೇ ಇದ್ದೆ. ಅಲ್ಲಿಂದ ಓಡಲು ಜಾಗವಿರಲಿಲ್ಲ. ಇದ್ದಿದ್ದರೆ ಓಡುತ್ತಿದ್ದೆನೋ ಏನೋ. "ಹೌದು" ಎಂದೆ. "ನಾನೇ."

ನೀಲಾಳಿಗೆ ಅದು ಗೊತ್ತಿರಲಿಲ್ಲ. ಒಳಗಿದ್ದವರಿಗೆ ಮುಚ್ಚಳದ ಮೇಲೆ ಯಾರು ಏನಿಟ್ಟರೆಂದು ಕಾಣುವುದಿಲ್ಲ. ಟ್ಯೂಷನ್ನಿನಲ್ಲಿ ನಾನು ಮಾನಿಟರ್. ಪಾಟಿ ಇಟ್ಟರೆ ನನ್ನನ್ನು ಡಬ್ಬಿಗೆ ಹಾಕುವುದಿಲ್ಲ ಎಂದು ದೊಡ್ಡಪ್ಪ ಹೇಳಿದ್ದ, ಆ ಮಾತಿಗೆ ಅವನು ಒಮ್ಮೆಯೂ ತಪ್ಪಲಿಲ್ಲ. ನಾನೂ ತಪ್ಪಲಿಲ್ಲ. ಸಂಜೆ ಅವಳ ಕೈ ಹಿಡಿದು ಮನೆಗೆ ಕರೆತರುತ್ತಿದ್ದವನೂ ನಾನೇ. ದಾರಿಯಲ್ಲಿ ಅವಳ ಕೂದಲಿನ ಪುಡಿ ಕೊಡವುತ್ತಿದ್ದೆ.

ಅವಳು ನನ್ನ ಕಡೆ ನೋಡಲಿಲ್ಲ. ದೊಡ್ಡಪ್ಪನಿಗೇ ಹೇಳಿದಳು: "ಅವಗ ಹತ್ತು ವರ್ಷ. ನಿಮಗ ನಲವತ್ತು."

ಅವನು ಪೆನ್ನಿನ ಮುಚ್ಚಳ ಮತ್ತೆ ತೆಗೆದ.

"ಇನ್ನ ಮ್ಯಾಲ ಈ ಮನಿಗೆ ಯಾವ ಮಗೂನೂ ಬರಂಗಿಲ್ಲ. ಹೊರಗಿನ ಟ್ಯೂಷನ್ ಬೋರ್ಡು ತಗೀತೀನಿ."

"ನೀ ಯಾರು ಹೇಳಾಕಿ? ಇಷ್ಟೆತ್ತರ ಇದ್ದೀ."

"ಇಷ್ಟೆತ್ತರ ಇದ್ದೇ ಹೇಳಾಕತ್ತೀನಿ" ಎಂದಳು ನೀಲಾ.

ದೊಡ್ಡಪ್ಪ ಆಗ ಕುಗ್ಗಿದನೇ ಎಂದು ಆಮೇಲೆ ಬಹಳ ಜನ ಆಸೆಯಿಂದ ಕೇಳಿದರು. ಇಲ್ಲ. ಒಂದು ಕೂದಲೆಳೆಯಷ್ಟೂ ಕುಗ್ಗಲಿಲ್ಲ. ತಪ್ಪಾಯಿತು ಎನ್ನಲೂ ಇಲ್ಲ. "ಈಗಿನ ಮಕ್ಕಳು ಮೆತ್ತಗ" ಎಂದು ಗೊಣಗಿ, ಮೆಂತ್ಯದ ಎಲೆ ಸರಿಸಿ ಮುಂದಿನ ಪತ್ರಿಕೆ ತಿದ್ದತೊಡಗಿದ. ನಾವು ಹೊರಗೆ ಬಂದು ಎತ್ತರವಾದೆವು. ನೀಲಾ ಬೋರ್ಡು ಕಿತ್ತು ತೋಳಿನಡಿ ಇಟ್ಟುಕೊಂಡು, ನಾನು ಬೆನ್ನ ಹಿಂದೆ ಇರುವುದನ್ನೇ ಮರೆತವಳಂತೆ ನಡೆದುಹೋದಳು.

ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋದಳು, ಹಿಂದೆ ನಾವು. ಠಾಣೆಯಲ್ಲಿ ಎಲ್ಲರೂ ಸಣ್ಣಗಾಗುವುದು ರೂಢಿ. ಅವತ್ತು ಸಣ್ಣಗಾದವನು ಕಾನ್‌ಸ್ಟೇಬಲ್. ಹಿಂದಿನ ವಾರ ನೀಲಾಳ ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದಿದ್ದನಂತೆ. ಮೇಜಿನ ಮೇಲೆ ಹತ್ತಿ, ತನ್ನಷ್ಟೇ ಉದ್ದದ ಪೆನ್ನನ್ನು ತಬ್ಬಿಕೊಂಡು ಪೂರ್ತಿ ದೂರು ಬರೆದುಕೊಂಡ. ಒಂದಕ್ಷರ ಬಿಡಲಿಲ್ಲ. ಮರುದಿನ ಇನ್ಸ್‌ಪೆಕ್ಟರು ದೊಡ್ಡಪ್ಪನ ಮನೆಗೆ ಹೋಗಿ ಹಳದಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಬಂದರು. ಕೇಸು ನಡೆಯುತ್ತಿದೆ. ದೊಡ್ಡಪ್ಪ ಎರಡು ಸಲ ಕೋರ್ಟಿಗೆ ಹಾಜರಾಗಿದ್ದಾನೆ. ಜಡ್ಜರ ಮುಂದೆಯೂ ಪೂರ್ತಿ ಎತ್ತರವಂತೆ.

ಟ್ಯೂಷನ್ನಿಗೆ ಬರುತ್ತಿದ್ದ ಹನ್ನೆರಡು ಮಕ್ಕಳ ಮನೆಗೆ ಅವ್ವ, ಶೈಲಾ, ನೀಲಾ ಹೋಗಿ ಹೇಳಿ ಬಂದರು. ನಾಲ್ಕು ಮನೆಯವರು ಬಾಗಿಲು ಹಾಕಿಕೊಂಡರು. ಉಳಿದ ಎಂಟು ಮನೆಯಲ್ಲಿ ಅವ್ವ ಮಾತು ಬೆಳೆಸಲೇ ಇಲ್ಲ, "ನಿಮ್ಮ ಕೂಸಿನ ತಲಿಯಾಗ ಹೊಟ್ಟು ಐತೇನ್ರಿ?" ಎಂದು ಕೇಳಿ ಕಾಯುತ್ತ ಕೂತಳು. ಒಂದು ಮನೆಯಲ್ಲಿ ಮಗುವಿನ ಬದಲು ಮಗುವಿನ ಅಪ್ಪ ಅಳತೊಡಗಿದ. ಅವನೂ ಮಾಸ್ತರ ಹಳೆಯ ವಿದ್ಯಾರ್ಥಿ.

ಸನ್ಮಾನ ಸಮಿತಿ ಪೇಚಿಗೆ ಸಿಕ್ಕಿತು. ಶಾಲು ತಂದಾಗಿತ್ತು, ಶಾಮಿಯಾನಕ್ಕೆ ಹೇಳಿಯಾಗಿತ್ತು, ನನ್ನ ಏಣಿಯೂ ಪಾಲಿಶ್ ಆಗಿ ನಿಂತಿತ್ತು. ಸಂಗಣ್ಣ ಟೇಪು ಹಿಡಿದು ಊರೆಲ್ಲ ಅಲೆದ. ಕೊನೆಗೆ ಸಂತೆಪೇಟೆಯಲ್ಲಿ ತಿರುಗುವ ಹಾಯುವ ಗೂಳಿಯ ಮುಂದೆ ಜನ ಕಡಲೆಕಾಳಿನಷ್ಟಾಗುತ್ತಾರೆ, ಅದಕ್ಕಿಂತ ಸಣ್ಣ ಅಳತೆ ದಾಖಲೆಯಲ್ಲೇ ಇಲ್ಲ ಎಂದು ತಿಳಿದುಬಂತು. ನಿಯಮ ನಿಯಮವೇ ಆದ್ದರಿಂದ ಗೂಳಿಗೇ ಸನ್ಮಾನವಾಯಿತು. ವೇದಿಕೆಯ ಮೇಲೆ ಸಂಗಣ್ಣ ಕಡಲೆಕಾಳಿನಷ್ಟಾಗಿ ಹನ್ನೊಂದು ಮೆಟ್ಟಿಲು ಹತ್ತಿ ಮೈಕಿನ ಮುಂದೆ ಗುಣಗಾನ ಓದುತ್ತಿದ್ದರೆ ಗೂಳಿ ಹಾರ ತಿಂದು, ಶಾಲು ತಿಂದು, ಗುಣಗಾನದ ಕಾಗದಕ್ಕೂ ಬಾಯಿ ಹಾಕಿತು. ಸಂಗಣ್ಣನನ್ನು ಸಮಯಕ್ಕೆ ಸರಿಯಾಗಿ ಎಳೆದುಕೊಂಡರು. ಮುಂದಿನ ವರ್ಷಕ್ಕೆಂದು ಸಮಿತಿ ನಿಯಮಗಳನ್ನು ಮತ್ತೊಮ್ಮೆ ಪರಿಶೀಲಿಸುತ್ತಿದೆ ಎಂದು ಸುದ್ದಿ.

ದೊಡ್ಡಾಸ್ಪತ್ರೆಗೆ ಬುಧವಾರ ಒಬ್ಬ ಡಾಕ್ಟರಮ್ಮ ಬರು‌ತ್ತಾರೆ. ಮಾತ್ರೆ ಕೊಡುವುದು ಕಡಿಮೆ, ಮಾತಾಡಿಸುವುದು ಹೆಚ್ಚು. ತಾವೂ ನೆಲದ ಮೇಲೇ ಕೂರುತ್ತಾರೆ. ಪಾರಿ ನಾಲ್ಕು ಸಲ ಹೋದಳು. ಐದನೇ ಸಲ ಅವರ ಬೆರಳು ಕಚ್ಚಿದಳು. ಶೈಲಾ ಸಂಕೋಚದಿಂದ ಕ್ಷಮೆ ಕೇಳಿದರೆ ಡಾಕ್ಟರಮ್ಮ ಬೆರಳಿಗೆ ಗಾಳಿ ಊದಿಕೊಳ್ಳುತ್ತ, "ಬಹಳ ಚಲೋ ಆತು" ಎಂದರಂತೆ. ನೀಲಾ ಇನ್ನೂ ಹೋಗುತ್ತಿದ್ದಾಳೆ. ಅಪ್ಪನೂ ಹೋಗುತ್ತಾನೆ, ಮೊಣಕಾಲು ನೋವಿಗೆ ಎಂದು ಹೇಳಿ. ಆ ಡಾಕ್ಟರಮ್ಮ ಮೊಣಕಾಲು ನೋಡುವುದಿಲ್ಲವೆಂದು ನಮಗೆಲ್ಲ ಗೊತ್ತು, ಯಾರೂ ಹೇಳುವುದಿಲ್ಲ.

ನನ್ನ ಗತಿ ಬೇರೆಯಾಯಿತು. ಆ ಭಾನುವಾರದ ಮರುದಿನದಿಂದ ನಾನು ನೀಲಾಳ ಮುಂದೆ ಕುಗ್ಗತೊಡಗಿದೆ. ಹುಟ್ಟಿದಾಗಿನಿಂದ ಜಡೆ ಎಳೆದು ಆಡಿದ ತಂಗಿ. ಅವಳು ಒಳಗೆ ಬಂದರೆ ನಾನು ಲೋಟದಷ್ಟು. ಅವಳೂ ನನ್ನ ಜೊತೆ ಮಾತು ಬಿಟ್ಟಿದ್ದಳು. ಒಮ್ಮೆ ಅವಳು ಕಸ ಗುಡಿಸುವಾಗ ನಾನು ಮೂಲೆಯವರೆಗೆ ಉರುಳಿ ಹೋದೆ. ಅವಳು ನೋಡಿದಳು, ಪೊರಕೆ ಒಂದು ಕ್ಷಣ ನಿಂತಿತು, ಆಮೇಲೆ ನನ್ನನ್ನು ಬಿಟ್ಟು ಸುತ್ತ ಗುಡಿಸಿ ಹೋದಳು. ಹೀಗೆ ಮೂರು ತಿಂಗಳು. ಅವ್ವ ನಡುವೆ ಬಾಯಿ ಹಾಕಲು ನೋಡಿದಳು. ನೀಲಾ, "ನೀ ಸುಮ್ಮನಿರವ್ವ, ಇದು ನಂದು" ಎಂದಳು.

ಮೊನ್ನೆ ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವಳು ಮೊದಲ ಪಾಳಿ ಮುಗಿಸಿ ಬಂದು ರೊಟ್ಟಿ ಬಡಿದಳು. ನಾನು ಅಡುಗೆಮನೆಯ ಗೋಡೆಯ ಪಕ್ಕ, ಉಪ್ಪಿನ ಭರಣಿಯ ಎತ್ತರದಲ್ಲಿದ್ದೆ. ಹೇಳಬೇಕೆಂದು ತಿಂಗಳುಗಟ್ಟಲೆ ಕೂಡಿಸಿಟ್ಟ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. "ನೀಲಾ, ತಪ್ಪಾತು" ಎಂದೆ. ಸೊಳ್ಳೆಯ ಧ್ವನಿ.

ಅವಳು ಬಗ್ಗಿ ಕಿವಿಗೊಟ್ಟಳು. "ಇನ್ನೊಮ್ಮೆ ಹೇಳು."

"ತಪ್ಪಾತು. ನೀ ಒಳಗ ಅಳೂದು ನನಗ ಕೇಳಸ್ತಿತ್ತು. ಕೇಳಿಸಿದ್ರೂ ಪಾಟಿ ತಗೀಲಿಲ್ಲ."

ಅವಳು ನೆಟ್ಟಗೆ ಕೂತಳು. ಹಂಚಿನ ಮೇಲಿನ ರೊಟ್ಟಿಯನ್ನು ಮಗುಚಿದಳು. ಆಮೇಲೆ, "ನನಗ ಇನ್ನೂ ಸಿಟ್ಟು ಹೋಗಿಲ್ಲಣ್ಣ. ಯಾವಾಗ ಹೋಗ್ತದ ಗೊತ್ತಿಲ್ಲ. ಆದ್ರ ನೀ ನನಗ ಅಂಜಬ್ಯಾಡ. ನನಗ ಅಂಜೋ ಮಂದಿ ಬಸ್ಸಿನ್ಯಾಗ ಬೇಕಾದಷ್ಟು ಅದಾರ" ಎಂದಳು. "ಉಂಡಿಯೇನು?"

"ಇಲ್ಲ."

ಅವಳು ನನ್ನನ್ನು ಅಂಗೈಯಲ್ಲಿ ಎತ್ತಿ ಮಣೆಯ ಮೇಲೆ ಕೂರಿಸಿದಳು. ರೊಟ್ಟಿ ಮುರಿದು, ಆ ಚೂರನ್ನು ಮತ್ತೆ ಮುರಿದು, ನನ್ನ ಬಾಯಿಗೆ ಹಿಡಿಯುವಷ್ಟು ಸಣ್ಣದು ಮಾಡಿ, ಬದನೆಕಾಯಿ ಎಣ್ಣೆಗಾಯಿಯ ರಸದಲ್ಲಿ ತುದಿ ಅದ್ದಿ ಮುಂದೆ ಇಟ್ಟಳು. ತಿಂದೆ. ಇನ್ನೊಂದು ಚೂರು ಇಟ್ಟಳು. ಖಾರ ನೆತ್ತಿಗೇರಿ ಸೀನಿದೆ; ಅವಳು ಮುಖ ತಿರುಗಿಸಿ ನಕ್ಕದ್ದು ನನಗೆ ಕಂಡಿತು. ಚೂರುಗಳು ದೊಡ್ಡವಾಗುತ್ತ ಹೋದವು. ಎರಡನೇ ರೊಟ್ಟಿಯ ಹೊತ್ತಿಗೆ ನನ್ನ ಕಾಲು ಮಣೆಯಿಂದ ಇಳಿದು ನೆಲಕ್ಕೆ ತಾಗಿತು. ಮೂರನೆಯದನ್ನು ಅವಳು ಮುರಿಯಲಿಲ್ಲ. ಇಡಿಯಾಗಿ ನನ್ನ ಕೈಗೆ ಕೊಟ್ಟು, "ನೀನೇ ಹರಕೊಂಡು ತಿನ್ನು. ನನಗ ಎರಡು ಗಂಟೆಗೆ ಡ್ಯೂಟಿ ಐತಿ" ಎಂದಳು.